ಸೀರೆಯಂಚಿನ ಕಿತ್ತಳೆ ಚುಕ್ಕಿಗಳು

೨೦೨೩ರಲ್ಲಿ ನನಗೆ ನಲವತ್ತೊಂಬತ್ತು ವರ್ಷ. ಖಾನಾಪುರದಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಖಾಸಗಿ ಶಾಲೆ ಮುಚ್ಚಿದ ಮೇಲೆ ಬೆಳಗಾವಿಗೆ ಬಂದು, ಅಲ್ಲಿನ ಶಹಾಪುರದ ಒಂದು ಮಗ್ಗದ ಮನೆಯಲ್ಲಿ ಸೀರೆಯಂಚಿನ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ರಚಿಸುವ ಕೆಲಸ ಹಿಡಿದಿದ್ದೆ. ಅದೇ ಕೋಣೆಯಲ್ಲಿ ಮಾಲೀಕರ ಸೋದರಳಿಯನೂ ಕೂರುತ್ತಿದ್ದ; ಅವನ ವಾಸವೂ ಆ ಮನೆಯಲ್ಲೇ. ಮೂವತ್ತು ದಾಟಿದವನು. ಅವನನ್ನು ನಾನು ಮೊದಲ ದಿನದಿಂದಲೇ ಸಹಿಸಲಿಲ್ಲ, ಈಗಲೂ ಸಹಿಸುವುದಿಲ್ಲ.

ಪೆನ್ ಟೂಲ್ ಹಿಡಿದು ಗೋಪುರಗಳ ಸಾಲಿನ ಹೊರಗೆರೆಯನ್ನು, ಅಂದರೆ ಪಾಥನ್ನು, ಎಳೆಯುವುದು ನನ್ನ ಕೆಲಸ. ಆ ಪಾಥನ್ನು ಸೆಲೆಕ್ಷನ್ ಮಾಡಿ, ಅಂದರೆ ಬಣ್ಣ ತುಂಬುವ ಜಾಗವಾಗಿ ಗುರುತಿಸಿ, ಒಳಗೆ ಹಳದಿ, ಹೊರಗೆ ಕೆಂಪು ತುಂಬಿ ಮಗ್ಗಕ್ಕೆ ಕಳಿಸುವುದು ಅವನದು. ನಕ್ಷೆಯ ಒಂದೊಂದು ಪಿಕ್ಸೆಲ್ ಎಂದರೆ ಹಾಸುಹೊಕ್ಕುಗಳು ಕೂಡುವ ಒಂದೊಂದು ಬಿಂದು. ಅಲ್ಲಿ ಕೆಂಪೆಳೆ ಮೇಲೆ ಬರಬೇಕು, ಇಲ್ಲವೇ ಹಳದಿಯೆಳೆ, ಮೂರನೆಯದಕ್ಕೆ ಎಡೆಯಿಲ್ಲ.

ಖಾನಾಪುರದ ಸೀರೆ ಅಂಗಡಿಯ ಒಡತಿ ನಮ್ಮ ಮೊದಲ ಮಾದರಿಯನ್ನು ಮರಳಿಸಿದರು. ಗೋಪುರಗಳ ಅಂಚೆಲ್ಲ ಇಲಿ ಕಡಿದಂತಿತ್ತು. ಇದನ್ನು ಕೆಡಿಸಿದವರು ಮನೆಗೆ ಹೋಗಬೇಕು ಎಂದು ಮಾಲೀಕರು ಇಬ್ಬರಿಗೂ ಹೇಳಿದರು. ಹೇಳುವಾಗ ನೋಡಿದ್ದು ನನ್ನೊಬ್ಬನನ್ನೇ. ಅಳಿಯ ಮರಾಠಿಯಲ್ಲಿ, ಮಾಸ್ತರರ ಕೈ ನಡುಗುತ್ತದೆ ಎಂದು ಗೊಣಗಿದ. ಖಾನಾಪುರದಲ್ಲಿ ಪಾಠ ಹೇಳಿದವನಿಗೆ ಮರಾಠಿ ಬಾರದೆಂದು ನಂಬಿದ್ದ ಮಹಾಶಯ.

ನಾನು ಮಾಲೀಕರನ್ನು ಅಳಿಯನ ಕಂಪ್ಯೂಟರಿನ ಮುಂದೆ ಕೂರಿಸಿ, ನನ್ನ ಪಾಥನ್ನು ಮತ್ತೊಮ್ಮೆ ಸೆಲೆಕ್ಷನ್ ಮಾಡಿ ತೋರಿಸಲು ಅವನಿಗೆ ಹೇಳಿದೆ. ಅವನು ಪಾಥ್ ಪಟ್ಟಿಯ ಕೆಳಗಿನ ಗುಂಡಿ ಒತ್ತಿ, ಬಣ್ಣ ತುಂಬಿ, "ನೋಡ್ರಿ ಮಾಮಾ, ಬೆಣ್ಣಿ ಹಂಗ ಬಂದೈತಿ," ಎಂದ. ನಾನು ನಕ್ಷೆಯನ್ನು ಹಿಗ್ಗಿಸಿದೆ. ಕೆಂಪಿಗೂ ಹಳದಿಗೂ ನಡುವೆ ಕಿತ್ತಳೆ ಚುಕ್ಕಿಗಳ ಸಾಲು ಕಂಡಿತು.

"ಈ ಕಿತ್ತಳೆ ದಾರ ಯಾವ ಮಗ್ಗದಾಗ ಐತಿ, ಹೇಳಪಾ."

"ಮಾಸ್ತರ, ಇದು ಸಾಲಿ ಅಲ್ರೀ, ಬೆತ್ತ ಕೆಳಗ ಇಡ್ರಿ. ಅಷ್ಟು ಹಿಗ್ಗಿಸಿದ್ರ ನಿಮ್ಮ ಮಾರಿನೂ ಚಂದ ಕಾಣಂಗಿಲ್ಲ."

ಮಾಲೀಕರು ನಕ್ಕರು. ನಾನು ಮೆನುವಿನಿಂದ ಸೆಲೆಕ್ಷನ್ನಿನ ಕಿಟಕಿಯನ್ನು ತೆರೆದೆ. ಅಂಚನ್ನು ಮಸುಕಾಗಿಸುವ ಫೆದರ್ ಒಂದು ಪಿಕ್ಸೆಲ್, ಅಂಚು ನಯಗೊಳಿಸುವ ಆಂಟಿ-ಏಲಿಯಾಸ್ ಚೌಕದಲ್ಲಿ ಗುರುತು. ಕ್ಯಾಟಲಾಗಿಗಾಗಿ ಸೀರೆಯುಟ್ಟವರ ಫೋಟೋಗಳನ್ನು ಹಿನ್ನೆಲೆಯಿಂದ ಕತ್ತರಿಸುವಾಗ ಅವನು ಇಟ್ಟುಕೊಂಡಿದ್ದ ಅಳತೆ ಅದು. ಫೋಟೋಗೆ ಮೃದುವಾದ ಅಂಚು ಒಪ್ಪುತ್ತದೆ. ಆದರೆ ಆ ಗುಂಡಿ ಏನನ್ನೂ ಕೇಳದೆ ಹಿಂದಿನ ಅಳತೆಯನ್ನೇ ಬಳಸುತ್ತದೆ. ಹೀಗೆ ಹುಟ್ಟಿದ ಕಿತ್ತಳೆಯಲ್ಲಿ ಕೆಲವನ್ನು ಕೆಂಪೆಂದೂ ಕೆಲವನ್ನು ಹಳದಿಯೆಂದೂ ಮಗ್ಗದ ತಂತ್ರಾಂಶ ತೋಚಿದಂತೆ ಓದಿಕೊಂಡಿತ್ತು. ನಾನು ಫೆದರನ್ನು ಸೊನ್ನೆ ಮಾಡಿ, ಗುರುತು ತೆಗೆದು, ಬಣ್ಣವನ್ನು ಮತ್ತೆ ತುಂಬಿದೆ. ಕಿತ್ತಳೆ ಉಳಿಯಲಿಲ್ಲ.

ಅಂಚು ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ ಎಂದು ಅಳಿಯ ಕೊಂಕು ತೆಗೆದ. ಮಾಲೀಕರು ನಗುವುದನ್ನು ಬಿಟ್ಟು, "ಮಾಸ್ತರ ಹೇಳಿದಂಗ ನೇಯೂಣು. ಕೆಟ್ರ ಮಾಸ್ತರೇ ಹೋಗ್ತಾರ," ಎಂದರು.

ಎರಡನೆಯ ಮಾದರಿಯನ್ನು ನಾನೇ ಖಾನಾಪುರಕ್ಕೆ ಒಯ್ದೆ. ಒಡತಿ ಅಂಚಿನ ಮೇಲೆ ಉಗುರಾಡಿಸಿ, ಗೋಪುರದ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿ, ಅದನ್ನು ಇಟ್ಟುಕೊಂಡು ಅದೇ ಅಂಚಿನ ಸೀರೆಗಳನ್ನು ನೇಯಲು ಹೇಳಿದರು.

ಹಾಗಾದರೆ ಕೆಡಿಸಿದವರು ಮನೆಗೆ ಹೋಗಬೇಕೆಂಬ ಮಾತು ಏನಾಯಿತೆಂದು ಹಿಂದಿರುಗಿ ಮಾಲೀಕರನ್ನು ಕೇಳಿದೆ. "ಅಂವ ಮನಿಯಾಗನ ಅದಾನಲ್ರೀ ಮಾಸ್ತರ," ಎಂದರು. ಅಳಿಯ ಹಲ್ಲುಕಿರಿದ. ನನ್ನ ಪಾಥನ್ನು ಇನ್ನು ಅವನು ಮುಟ್ಟಕೂಡದು, ಸೆಲೆಕ್ಷನ್ನೂ ಬಣ್ಣವೂ ನನ್ನ ಕೈಯಲ್ಲೇ ಆಗತಕ್ಕದ್ದು, ಒಪ್ಪದಿದ್ದರೆ ನಾನೇ ಹೊರಟೆ ಎಂದೆ. ಮಾಲೀಕರು ಅವನ ಎದುರಿಗೇ ಒಪ್ಪಿಕೊಂಡರು. ಅಂದು ೨೦೨೩ರ ಆಗಸ್ಟ್ ೧೯, ಶನಿವಾರ.