ಮುತ್ತಜ್ಜನ ಹಾವು

ಗರ್ರ್ ಎಂದು ಶುರುವಾಗಿ, ದಪ್ಪ ಹೊಲಿಗೆ ಬಂದಲ್ಲಿ ಗುಂಯ್‌ಗುಟ್ಟಿ, ಮತ್ತೆ ಗರ್ರ್ ಎನ್ನುವುದು ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು. ಬಳ್ಳಾರಿಯಲ್ಲಿ ಮಗಳು ಗಂಗೋತ್ರಿಯ ಬಾಡಿಗೆ ಕೋಣೆಯಲ್ಲಿ ಕೊಟ್ಟೂರಪ್ಪನಿಗೆ ಬೆಳಗಾಗುವುದು ಇದರಿಂದಲೇ. ಮೇಲಿನ ಮನೆಯಲ್ಲಿದ್ದ ಮಾಲೀಕರಿಗೂ ಹಾಗೆಯೇ ಬೆಳಗಾಗುತ್ತಿದ್ದರಿಂದ ತಿಂಗಳ ಕೊನೆಗೆ ಕೋಣೆ ಬಿಡಿ ಎಂದುಬಿಟ್ಟಿದ್ದರು.

ಕುರುಗೋಡಿನಲ್ಲಿ, ಅಕ್ಕ ವೀರಭದ್ರಮ್ಮನ ಮನೆಯ ಪಕ್ಕಕ್ಕೆ, ಕೊಟ್ಟೂರಪ್ಪನದೊಂದು ಖಾಲಿ ಜಾಗವಿತ್ತು. ಅಲ್ಲಿ ಶೆಡ್ಡು ಹಾಕಿಕೊಟ್ಟರೆ ಮಿಷನ್ ಇಟ್ಟುಕೊಳ್ಳುತ್ತೇನೆ ಎಂದು ಗಂಗೋತ್ರಿ ಎಷ್ಟೋ ಸಲ ಕೇಳಿದ್ದಳು. ಆದರೆ ಆ ಜಾಗಕ್ಕೆ ಮನೆತನದವರು ಯಾರೂ ಕಾಲಿಡುವಂತಿರಲಿಲ್ಲ. ಕೊಟ್ಟೂರಪ್ಪನ ಮುತ್ತಜ್ಜ, ಆತನ ಹೆಸರೂ ಕೊಟ್ಟೂರಪ್ಪನೇ, ಅಲ್ಲಿ ಹಾವು ಕಚ್ಚಿ ಸತ್ತಿದ್ದನಂತೆ. ಬರೀ ಹಾವಲ್ಲ, ನಿಧಿ ಕಾಯುವ ಏಳು ಹೆಡೆಯ ಹಾವು. ಮೊದಲು ಒಂದೇ ಹೆಡೆ ಇತ್ತೆಂದು ಬಲ್ಲವರು ಹೇಳುತ್ತಾರೆ. ಕೊಟ್ಟೂರಪ್ಪ ಸಿರುಗುಪ್ಪದಿಂದ ಆಂಧ್ರದ ಆದೋನಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಬಸ್ಸು ಕೆಟ್ಟು ನಿಂತ ದಿನಗಳಲ್ಲಿ ಕತೆ ಉದ್ದವಾಗಿ ಒಂದೊಂದೇ ಹೆಡೆ ಹೆಚ್ಚಾಗಿತ್ತು.

"ಹಾವ ಕಚ್ಚೈತಿ ಅನ್ನಾಕ ಏನ್ ಗುರ್ತೈತಪಾ?" ಎಂದು ಗಂಗೋತ್ರಿ ಒಂದು ದಿನ ಕೇಳಿಯೇಬಿಟ್ಟಳು. ಮುತ್ತಜ್ಜ ಬದುಕಿದ್ದ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಕಸ್ಮಾತ್ತಾಗಿ ಸತ್ತವರ ವರದಿಯನ್ನು ಊರಿನ ಕರಣಿಕರು ಬರೆದು ಕಳಿಸುತ್ತಿದ್ದರಂತೆ. ಆ ಕಡತಗಳು ಬಳ್ಳಾರಿಯ ಕಚೇರಿಯೊಂದರಲ್ಲಿ ಇನ್ನೂ ಇವೆಯೆಂದು ಅವಳ ಗಿರಾಕಿಯೊಬ್ಬರು ಹೇಳಿದ್ದರು.

"ಹುಡುಕೋಣು ನಡಿ. ಹಾವ ಇಲ್ಲಂದ್ರ ಆ ಜಾಗದಾಗ ಶೆಡ್ ಹಾಕ್ಕೋ," ಎಂದ ಕೊಟ್ಟೂರಪ್ಪ. ವರದಿಯ ಪ್ರತಿಗೆ ಗಾಜಿನ ಕಟ್ಟು ಹಾಕಿಸಲು ಫೋಟೋ ಅಂಗಡಿಯಲ್ಲಿ ಮಾತಾಡಿಕೊಂಡೂ ಬಂದ.

ಕಚೇರಿಗೆ ಹಲವು ಸಲ ಅಲೆದ ಮೇಲೆ ಕಡತ ನೋಡಿಕೊಳ್ಳುವ ಹೊನ್ನೂರಸ್ವಾಮಿ ಒಂದು ಕಟ್ಟು ತಂದು ಮುಂದಿಟ್ಟ. ಬಳ್ಳಾರಿ ಮದ್ರಾಸಿಗೆ ಸೇರಿದ್ದ ಕಾಲ. ಕರಣಿಕ ತೆಲುಗಿನಲ್ಲಿ ಬರೆದಿದ್ದ. ಕೊಟ್ಟೂರಪ್ಪ ಬೆರಳಿಟ್ಟು ಓದತೊಡಗಿದ. "ಕುರುಗೋಡು ಕೊಟ್ಟೂರಪ್ಪ." ಸತ್ತವರ ಸಾಲಿನಲ್ಲಿ ತನ್ನದೇ ಹೆಸರು ಕಂಡು ಒಮ್ಮೆ ಎದೆ ಮುಟ್ಟಿಕೊಂಡ. ಮುಂದಿನದನ್ನು ಗಟ್ಟಿಯಾಗಿ ಓದಿದ: "ಆವು ತನ್ನಿ ಚನಿಪೋಯಿನಾಡು."

"ಬಂತು ನೋಡು. ಆವು ಸತ್ತಾನ ಅಂತ ಐತಿ. ನಮ್ಮ ಮಂದಿ ಹಾವಿಗೆ ಆವು ಅಂತಾರಲ್ಲ, ಹಂಗ ಬರದಾನ."

"ನಡುವ ತನ್ನಿ ಅಂತ ಐತಲ್ಲಪಾ?"

"ತನ್ನಿ ಅಂದ್ರ ತಗೊಂಡ್ ಬರ್ರಿ ಅಂತ. ಮುತ್ತಜ್ಜ ಹೆದರಿಲ್ಲ. ಆ ಹಾವ ತರ್ರಿ ಇಲ್ಲಿ, ಒಂದ್ ಕೈ ನೋಡ್ತೀನಿ ಅಂದಾನ."

ಹೊನ್ನೂರಸ್ವಾಮಿ ಕೆಮ್ಮಿದ. "ಯಜಮಾನ್ರೆ, ನೀವು ಯಾವ ರೂಟಿನಾಗ ಇದ್ರಿ?"

"ಆದೋನಿ."

"ಆದೋನಿ ರೂಟಿನಾಗ ಇದ್ದವ್ರಿಗೆ ಆವು ಅಂದ್ರ ಆಕಳು ಅಂತ ಗೊತ್ತಿಲ್ಲೇನ್ರಿ?"

ತೆಲುಗಿನ ತನ್ನಿ ಎಂದರೆ ಒದ್ದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುತ್ತಜ್ಜ ಆಕಳು ಒದ್ದು ಸತ್ತಿದ್ದ. ವರ್ಷಗಟ್ಟಲೆ ತೆಲುಗಿನಲ್ಲಿ ಚಿಲ್ಲರೆಗಾಗಿ ಜಗಳಾಡಿದ್ದ ಮನುಷ್ಯ, ಪಾಪ, ಆ ಒಂದು ಗಳಿಗೆ ಆ ಭಾಷೆಯನ್ನೇ ಮರೆತುಬಿಡಲು ನೋಡಿದ್ದ.

ಗಂಗೋತ್ರಿ ವೇಲಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಗೆ ಹೋಗಿ ನಕ್ಕಳು. ಅಪ್ಪ ಹೊರಗೆ ಬಂದಾಗ ಅವನ ಮುಖ ನೋಡಿ ನಗು ನಿಂತುಹೋಯಿತು.

"ಕುರುಗೋಡಿನ ಅತ್ತಿ ಮುಂದ ನಾ ಏನೂ ಹೇಳಂಗಿಲ್ಲಪಾ. ಹೇಳೂದು ಬಿಡೂದು ನಿಂದು. ನಾ ಬ್ಯಾರೆ ಕಡೆ ಕೋಣಿ ನೋಡ್ಕೊಂತೀನಿ."

ಮಗಳ ಜೊತೆ ಹತ್ತಿದ ಕುರುಗೋಡಿನ ಬಸ್ಸಿನಲ್ಲಿ ಪಕ್ಕದವನು ತಾನಾಗಿ ಯಾವ ಊರಿನವರು ಎಂದು ಕೇಳಿದರೂ ಕೊಟ್ಟೂರಪ್ಪ ಕತೆ ಶುರು ಮಾಡಲಿಲ್ಲ. ಕಿಟಕಿಯಾಚೆ ಭತ್ತದ ಗದ್ದೆಗಳಿಗೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ಅವುಗಳ ನಡುವೆ ನಿಂತು ಮೇಯುತ್ತಿದ್ದ ಆಕಳೊಂದು ತಲೆಯೆತ್ತಿ ಬಸ್ಸನ್ನು ನೋಡಿತು. ಅವನು ಮುಖ ತಿರುಗಿಸಿಕೊಂಡ.

ವೀರಭದ್ರಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಪ್ರತಿ ಸೋಮವಾರ ಬೇಲಿಯೊಳಗೆ ಕೈಚಾಚಿ ಅಲ್ಲಿನ ಹುತ್ತಕ್ಕೆ ಹಾಲೆರೆಯುವವಳು ಆಕೆ.

"ಬರದಾರೇನಲೇ?"

"ಬರದಾರಕ್ಕ. ಆವು ಅಂತ ಬರದಾರ."

"ನಾ ಹೇಳಿದ್ದಿಲ್ಲೇನು?" ವೀರಭದ್ರಮ್ಮನ ಕಣ್ಣು ಒದ್ದೆಯಾದವು. ಸೊಸೆಯಂದಿರ ಕಡೆ ನೋಡುವ ನೋಟವನ್ನು ಗಂಗೋತ್ರಿಯ ಕಡೆ ತಿರುಗಿಸಿದಳು. "ಇನ್ನ ಶೆಡ್ಡು ಗಿಡ್ಡು ಅಂತ ಬಾಯಿ ತೆಗೀಬ್ಯಾಡ ನೀನು."

ಗಂಗೋತ್ರಿ ಆಗಲಿ ಎಂದು ತಲೆಯಾಡಿಸಿದಳು. ಅಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊಟ್ಟೂರಪ್ಪ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಸರಿಯಾಗಿದ್ದ ಪಟ್ಟಿಯನ್ನು ಇನ್ನೊಮ್ಮೆ ಸರಿಮಾಡಿಕೊಂಡ.

"ತೆಲುಗಿನಾಗ ಬರದಾರಕ್ಕ," ಎಂದ.

ವೀರಭದ್ರಮ್ಮನ ಹಿರಿಸೊಸೆ ಆದೋನಿಯವಳು. ಮನೆಯಲ್ಲಿ ತೆಲುಗು ಕೇಳಿ ಗೊತ್ತಿದ್ದುದರಿಂದ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ವೀರಭದ್ರಮ್ಮ ತಮ್ಮನ ಮುಖವನ್ನೇ ನೋಡಿದಳು.

"ಆಕಳಾ?"

"ಹೂಂ. ಒದ್ದೈತಂತ."

"ಹೋಗ್ಲಿ, ಒಂದ್ ಹೋರಿಯಾದ್ರೂ ಆಗಬಾರದಿತ್ತಾ." ಬೇಲಿಯಾಚೆಯ ಹುತ್ತದ ಕಡೆ ನೋಡಿ ಕೇಳಿದಳು, "ಹಂಗಾರ ನಾ ಇಷ್ಟ್ ವರ್ಷ ಹಾಲು ಎರದಿದ್ದು?"

"ಆಕಳ ಹಾಲ ಅಲ್ಲೇನಕ್ಕ? ಅದಕ್ಕೂ ಒಂದ್ ಮರ್ಯಾದಿ ಮಾಡಿದಂಗಾತು."

"ನಗಬ್ಯಾಡಲೇ. ಮಂದಿ ಕೇಳಿದ್ರ ಏನ್ ಹೇಳ್ತಿ? ನಿನ್ನ ಬಸ್ಸಿನ ಮಂದಿ ಏನಂದಾರು? ಮತ್ತ ಆ ನಿಧಿ? ಅದನ್ನ ಈಗ ಯಾರು ಕಾಯಾಕತ್ತಾರ, ಆಕಳೇನು? ಲೇ ಕೊಟ್ಟೂರ, ನಿನ್ನ ಕೇಳಾಕತ್ತೀನಿ ನಾನು..."

ಕೊಟ್ಟೂರಪ್ಪ ಅಷ್ಟರಲ್ಲಿ ಪಂಚೆ ಎತ್ತಿ ಕಟ್ಟಿ, ಬೇಲಿಯ ಮುಳ್ಳು ಸರಿಸಿ, ಜಾಗದೊಳಕ್ಕೆ ಕಾಲಿಟ್ಟಿದ್ದ. ಶೆಡ್ಡಿನ ಬಾಗಿಲು ಯಾವ ಕಡೆ ಬಂದರೆ ಗಾಳಿಯಾಡೀತೆಂದು ಕೈಚಾಚಿ ನೋಡಿಕೊಳ್ಳುತ್ತ, ಯಾವುದಕ್ಕೂ ಇರಲಿ ಎಂದು ಕಾಲನ್ನು ನೆಲಕ್ಕೆ ಗಟ್ಟಿಯಾಗಿ ಬಡಿಯುತ್ತ, ಆ ತುದಿಗೆ ನಡೆದ.