ಎಡಕ್ಕೇ ತಿರುಗುವ ರೋಬೋಟ್

ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆಂದು ಅಗ್ಗದ ರೋಬೋಟ್ ಮಾಡಹೊರಟೆ. ಪ್ಲೈವುಡ್ ಪಟ್ಟಿ ಜೋಡಿಸಿ, ಮೇಲೆ ಫೈಬರ್ ಬಟ್ಟೆ ಅಂಟಿಸಿ ಚೌಕಟ್ಟನ್ನು ಕಲ್ಲಿನಂತೆ ಗಟ್ಟಿ ಮಾಡಿದೆ. ಆದರೆ ನೇರ ಹೋಗು ಎಂದರೆ ಅದು ಎಡಕ್ಕೇ ತಿರುಗುತ್ತಿತ್ತು. ವಾರವಿಡೀ ಪ್ರೋಗ್ರಾಂ ತಿದ್ದಿದೆ, ಮೋಟರ್ ಮಾರಿದವನನ್ನು ಬೈದೆ.

ಕೊನೆಗೆ ಸಿಂದಗಿಯಲ್ಲಿ ಬೀಜ ಬಿತ್ತುವ ಕೂರಿಗೆ ಮಾಡುವ ಬಡಗಿ ಮೌಲಾಸಾಬರ ಬಳಿ ಒಯ್ದೆ. ಅವರು ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಅಳತೆ ಮಾಡಿದರು. ಅದೇ ದಾರವನ್ನು ಉಳಿದೆರಡು ಮೂಲೆಗೆ ಹಿಡಿದಾಗ ಬೆರಳಗಲ ಕಡಿಮೆ ಬಿತ್ತು.

"ಚೌಕಟ್ಟ ಸೊಟ್ಟ ಐತ್ರಿ ಸರ್. ಮ್ಯಾಲ ಫೈಬರ್ ಹಚ್ಚಿ ಸೊಟ್ಟನೂ ಗಟ್ಟಿ ಮಾಡೀರಿ."

ಆಯತದ ಕರ್ಣಗಳು ಸಮ ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿರುವವನು ನಾನು.

ದಾರ ಸುತ್ತುತ್ತ ಅವರು ಕೇಳಿದರು, "ಸಾಲ್ಯಾಗ ಏನ್ ಕಲಸ್ತೀರಿ ಸರ್?"

"ಕನ್ನಡಾ ರೀ," ಅಂದೆ.