ಸಕ್ರೆ ಕಮ್ಮಿ, ರಾಗ ಮುಲ್ತಾನಿ

ಕಳೆದ ಭಾನುವಾರ ಹೊಳನಗದ್ದೆಯಲ್ಲಿ ಒಬ್ಬ ಗೌರವಾನ್ವಿತ ಸಂಗೀತ ಮಾಸ್ತರರು, ತಮ್ಮ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಬೇಕೆಂದು, ಎರಡು ಸ್ಪೀಕರುಗಳ ಮೂಲಕ, ಲೆಕ್ಕವಿಲ್ಲದಷ್ಟು ಸಲ ಇಡೀ ಸಭೆಗೆ ಘೋಷಿಸಿದರು.

ಅದೂ ಬಾಯಿ ಮುಚ್ಚಿಕೊಂಡು.

ಇದಕ್ಕೆ ಕಾರಣ ನನ್ನ ಬಲಗೈ ಹೆಬ್ಬೆರಳು. ಹೆಬ್ಬೆರಳಿಗೆ ಕಾರಣ ನನ್ನ ಹೆಂಡತಿ. ಹೆಂಡತಿಗೆ ಕಾರಣ ಭಟ್ಕಳದಿಂದ ತಂದ ಒಂದು ಕಬ್ಬಿಣದ ಡಬ್ಬಿ. ವಿಷಯ ಗಂಭೀರವಾದದ್ದರಿಂದ ಕ್ರಮವಾಗಿಯೇ ಹೇಳುತ್ತೇನೆ.

ನನ್ನ ಹೆಂಡತಿ ವತ್ಸಲಾ ಸಿತಾರ್ ವಾದಕಿ. ಹೊನ್ನಾವರದ ನಮ್ಮ ಮನೆಯಲ್ಲಿ ಸಿತಾರಿಗೆ ಮುಂದಿನ ಕೋಣೆ, ನನಗೆ ಉಳಿದದ್ದು. ಮದುವೆಯಾದ ಹೊಸತರಲ್ಲಿ ಅವಳು ಹೊಳನಗದ್ದೆಯ ಗಜಾನನ ಮಾಸ್ತರರ ಬಳಿ ಪಾಠಕ್ಕೆ ಹೋದಳು. ಅವರು ಹಾಡುಗಾರರು, ಸಿತಾರ್ ಮುಟ್ಟಿದವರೇ ಅಲ್ಲ. "ಆನು ಹಾಡ್ತೆ, ನೀನು ಬಾರ್ಸು" ಎನ್ನುವುದೇ ಪಾಠ; ಅವರು ಹಾಡಿದ್ದನ್ನು ಇವಳು ತಂತಿಯ ಮೇಲೆ ನುಡಿಸುವುದು. ಅಂದಿನಿಂದ ಮಾಸ್ತರರ ಜಗುಲಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ಸಂಗೀತದ ಬೈಠಕ್ಕಿನಲ್ಲಿ ಅವಳಿಗೊಂದು ಜಾಗವಿದೆ. ಕಂಬದ ಪಕ್ಕದ ಚಾಪೆ. ಅದರ ಮೇಲೆ ಬೇರೆ ಯಾರೂ ಕೂರುವುದಿಲ್ಲ. (ನಾನು ಒಮ್ಮೆ ಕೂತಿದ್ದೆ. ಎಬ್ಬಿಸಿದರು.)

ಮಾಸ್ತರರಿಗೆ ಈಗ ಕಿವಿ ಮಂದ. ಆದ್ದರಿಂದ ತಾವೂ ದೊಡ್ಡದಾಗಿಯೇ ಮಾತಾಡುತ್ತಾರೆ. ಆದರೆ ಮಾತು ಕೇಳಿಸದ ಆ ಕಿವಿಗೆ, ಯಾರಾದರೂ ಸ್ವರ ತಪ್ಪಿದರೆ ಮಾತ್ರ ಮೂರು ಮನೆ ಆಚೆಯಿಂದಲೂ ಕೇಳಿಸುತ್ತದೆ. ವೈದ್ಯಶಾಸ್ತ್ರ ಇದರ ಬಗ್ಗೆ ಮೌನವಾಗಿದೆ.

ಹೀಗೆ ಸುಗಮವಾಗಿ ಸಾಗುತ್ತಿದ್ದ ಸಂಸಾರದಲ್ಲಿ ವತ್ಸಲಾ ಒಂದು ಮಧ್ಯಾಹ್ನ ಫೋನಿನಲ್ಲಿ ಒಂದು ವಿಡಿಯೋ ನೋಡಿದಳು. ಯಾವುದೋ ದೂರ ದೇಶದ ಹೆಂಗಸು. ದೊಡ್ಡ ಪಿಟೀಲಿನಂಥದ್ದೇನನ್ನೋ ಒಮ್ಮೆ ಎಳೆದಳು, ಕಾಲಲ್ಲಿ ಒಂದು ಡಬ್ಬಿ ಒತ್ತಿದಳು. ನುಡಿಸಿದ್ದು ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಯಾವುದನ್ನೂ ಮೊದಲೇ ಬರೆದಿಟ್ಟಿಲ್ಲ, ಕೂತಲ್ಲೇ ಹುಟ್ಟಿಸುವುದು. ಇದಕ್ಕೆ ಎಕ್ಸ್‌ಪೆರಿಮೆಂಟಲ್ ಎಲೆಕ್ಟ್ರಾನಿಕ್ ಮ್ಯೂಸಿಕ್ ಎಂದು ಹೆಸರಂತೆ. ನನಗೆ ಅದು ಕುಮಟಾ ಸ್ಟೇಷನ್ನಿನಲ್ಲಿ ಎರಡು ಗಾಡಿಗಳ ಅನೌನ್ಸ್‌ಮೆಂಟ್ ಒಟ್ಟಿಗೇ ಬಂದಂತೆ ಕೇಳಿಸಿತು.

ವತ್ಸಲಾಗೆ ಹಾಗೆ ಕೇಳಿಸಲಿಲ್ಲ.

"ಸಿತಾರಿನ ತಂತಿ ಮೀಟಿದ ಗಳಿಗೆಯಿಂದ ಸ್ವರ ಸಾಯಲೆ ಶುರು ಆಗ್ತು," ಅಂದಳು. "ಇಷ್ಟು ವರ್ಷ ಅದು ಸಾಯಲಾಗ ಹೇಳಿ ಮತ್ತೆ ಮತ್ತೆ ಮೀಟಿದ್ದೇ ಆತು. ಒಂದ್ಸಲ ಅದ್ನ ಬದುಕ್ಸಿ ಇಟ್ಕಂಡು, ಅದ್ರ ಹತ್ರವೇ ಮಾತಾಡಿ ನೋಡವು."

"ಈ ವಯಸ್ಸಿಗೆ ಬೇಕಾ ಇದು?"

"ವಯಸ್ಸು ಯಂಗೆ ಆಜು. ಸ್ವರಕ್ಕೆ ಆಜಿಲ್ಲೆ."

ವಯಸ್ಸಾದದ್ದು ತನಗೆ, ಸ್ವರಕ್ಕಲ್ಲ ಎನ್ನುವ ಇಂಥ ಮಾತಿಗೆ ಗಂಡಸರ ಬಳಿ ಉತ್ತರವಿರುವುದಿಲ್ಲ. ಕಾರಿನ ಕೀ ಇರುತ್ತದೆ. ಭಟ್ಕಳಕ್ಕೆ ಹೊರಟೆವು.

ಭಟ್ಕಳದ ಸೌಂಡ್ ಸಿಸ್ಟಮ್ ಅಂಗಡಿಯ ಸಾಹೇಬರು, ವತ್ಸಲಾ ಮೊದಲೇ ಫೋನಿನಲ್ಲಿ ಹೇಳಿದ್ದ ಅಂಥದ್ದೇ ಡಬ್ಬಿಯನ್ನು ತರಿಸಿ ಇಟ್ಟಿದ್ದರು. ಆದರೂ ಕೊಡುವ ಮುನ್ನ ಒಂದು ವಿಚಾರಣೆ ನಡೆಸಿದರು.

"ಮೇಡಂ, ಇದು ಗಿಟಾರ್ ಹುಡುಗ್ರದ್ದು. ಭಜನೆಗೆ ಆಗೂದಿಲ್ಲ."

"ಭಜನೆಗೆ ಅಲ್ಲ."

"ಶಾದಿಗೆ?"

"ಮದುವೆಗೂ ಅಲ್ಲ."

"ಮತ್ತೆ ಎಂತಕ್ಕೆ?"

"ಎಂತ ಆಗ್ತದೆ ನೋಡೂಕೆ."

ಸಾಹೇಬರು ನನ್ನ ಕಡೆ ತಿರುಗಿದರು. ಆ ಕಣ್ಣುಗಳಲ್ಲಿ ಅಪಾರ ಕರುಣೆಯಿತ್ತು. "ಸಾರ್, ಎಕ್ಸ್‌ಚೇಂಜ್ ಇಲ್ಲ ಹಾಂ," ಅಂದರು. ಯಾವುದಕ್ಕೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ಬಂದ ಮೇಲೆ ಒಂದು ಮೂಲಭೂತ ಸಮಸ್ಯೆ ಕಾಣಿಸಿತು. ಡಬ್ಬಿಯನ್ನು ಒತ್ತಬೇಕಾದದ್ದು ಕಾಲಿನಲ್ಲಿ. ಒಮ್ಮೆ ಒತ್ತಿದರೆ ಮುಂದೆ ಇಟ್ಟ ಮೈಕಿನಿಂದ ಧ್ವನಿ ಹಿಡಿಯಲು ಶುರು, ಇನ್ನೊಮ್ಮೆ ಒತ್ತಿದರೆ ಹಿಡಿದದ್ದು ಸುತ್ತಲು ಶುರು. ಒತ್ತಿ ಹಿಡಿದರೆ ಕೊನೆಗೆ ಸೇರಿಸಿದ್ದು ಅಳಿಸುತ್ತದೆ. ಗಿಟಾರಿನವರು ನಿಂತು ನುಡಿಸುತ್ತಾರೆ, ಕಾಲು ಖಾಲಿ. ಸಿತಾರಿನವರು ಕಾಲು ಮಡಿಸಿ ಕೂತು, ಆ ಕಾಲಿಗೇ ಸಿತಾರಿನ ಬುರುಡೆ ಆನಿಸಿಕೊಳ್ಳುತ್ತಾರೆ. ಒತ್ತುವವರು ಯಾರು?

"ಯನ್ನ ಕಾಲು ಹಂದ್ಸಲೆ ಆಗ್ತಿಲ್ಲೆ," ಅಂದಳು, ಅಲುಗಿಸಲಾಗದ ಕಾಲನ್ನು ತೋರಿಸಿ.

"ಹಂಗಾರೆ ಎಂತ ಮಾಡೂದು?"

"ನಿಂಗ ಎಂತಕ್ಕೆ ಇದ್ದಿ?"

ಹೀಗೆ ನನ್ನ ಹೆಬ್ಬೆರಳು ಸಂಗೀತಕ್ಷೇತ್ರವನ್ನು ಪ್ರವೇಶಿಸಿತು.

ಮೊದಲು ತಲೆಯಾಡಿಸುವುದೇ ಸೂಚನೆ ಎಂದುಕೊಂಡೆವು. ಆದರೆ ಒಳ್ಳೆಯ ಸ್ವರ ಬಂದಾಗಲೆಲ್ಲ ಅವಳು ತಲೆಯಾಡಿಸುತ್ತಾಳೆ. ನಾನು ಒತ್ತಿದೆ, ಒತ್ತಿದೆ, ಒತ್ತುತ್ತಲೇ ಹೋದೆ. ಪಕ್ಕದ ಮನೆಯವರು ಬಂದು, "ಫ್ರಿಜ್ಜು ರಿಪೇರಿಗೆ ಕೊಡೂದಿಲ್ವ?" ಎಂದು ಕೇಳಿದರು. ಕೊನೆಗೆ ಮಾತಿನಲ್ಲೇ ಹೇಳುವುದೆಂದು ತೀರ್ಮಾನವಾಯಿತು. ಚಿಕ್ಕ ಶಬ್ದ ಬೇಕು, ಮೆಲ್ಲಗೆ ಹೇಳಿದರೂ ತಿಳಿಯಬೇಕು. ಯಾವ ಶಬ್ದ?

"ಆತು."

ದುರಂತದ ಬೀಜ ಬಿದ್ದದ್ದು ಇಲ್ಲಿ. ನಮ್ಮ ಸೀಮೆಯಲ್ಲಿ ಈ ಶಬ್ದವಿಲ್ಲದೆ ಯಾರಾದರೂ ಮೂರು ವಾಕ್ಯ ಆಡಿದ್ದುಂಟೇ? ಊಟ ಆತು. ಮಳೆ ಆತು. ಬರ್ತೀಯಾ ಎಂದರೆ ಆತು, ಮುಗೀತಾ ಎಂದರೂ ಆತು. ಫೋನ್ ಇಡುವ ಮೊದಲು ಆ ಕಡೆಯಿಂದ ನಾಲ್ಕು ಆತು, ಈ ಕಡೆಯಿಂದ ಐದು. ಹೆದ್ದಾರಿ ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳಿ ನೋಡಿ, "ಹೆಚ್ಚುಕಮ್ಮಿ ಆತು" ಎನ್ನುತ್ತಾರೆ. ಒಪ್ಪಿಗೆಗೂ ಅದೇ ಮಾತು, ಮುಕ್ತಾಯಕ್ಕೂ ಅದೇ. ಇಂಥ ಶಬ್ದವನ್ನು ನಾವು ಗುಪ್ತ ಸಂಕೇತವಾಗಿ ಆರಿಸಿಕೊಂಡೆವು. ಯುದ್ಧಕಾಲದಲ್ಲಾಗಿದ್ದರೆ ನಮ್ಮನ್ನು ಯಾವ ಸೈನ್ಯವೂ ಸೇರಿಸಿಕೊಳ್ಳುತ್ತಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಹೊಳನಗದ್ದೆಗೆ ಮುಟ್ಟಿತು. ಎಲೆಕ್ಟ್ರಾನಿಕ್ ತಂಬೂರಿಯನ್ನೇ ಜಗುಲಿ ಹತ್ತಿಸದ ಮಾಸ್ತರರು ಅವರು. ಫೋನ್ ಬಂತು. ಅವರ ಫೋನಿಗೆ ಸ್ಪೀಕರ್ ಹಾಕುವ ಅಗತ್ಯವಿಲ್ಲ, ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ವತ್ಸಲಾಳೂ ಅವರ ಕಿವಿಗೆ ಮುಟ್ಟುವಂತೆ ಕೂಗಿಯೇ ಉತ್ತರಿಸಿದಳು.

"ಕೂಸೇ, ಅದೆಂತದೋ ಮಶೀನು ತಂಜೆ ಹೇಳಿ ಕೇಳ್ದಿ. ಹೌದನೇ?"

"ಹೌದು ಮಾಸ್ತ್ರೇ. ಈ ಸಲ ಅದ್ರ ಜೊತೆಗೇ ಬಾರ್ಸ್ತೆ."

"ಸ್ವರ ಸಾಯಲೇ ಬೇಕು ಕೂಸೇ. ಸತ್ರೇ ಮುಂದಿಂದು ಹುಟ್ತು."

"ನಿಂಗ ಕಲ್ಸಿದ ಸ್ವರ ಇಷ್ಟು ವರ್ಷ ಯನ್ನ ತಲೆಲಿ ತಿರುಗ್ತಾ ಇದ್ದು. ಅದು ಸತ್ತಿದ್ದಿಲ್ಲೆ ಅಲ್ದಾ?"

ಆ ಕಡೆ ಮಾಸ್ತರರು ಒಮ್ಮೆ ಕೆಮ್ಮಿದರು. ಬಳಿಕ, "ಮಾತು ಚೊಲೋ ಕಲ್ತಿದ್ದೆ. ನೀನು ಬಾ, ಸಿತಾರ್ ತಾ. ಮಶೀನ್ ತರಡ. ತಂದ್ರೆ ಈ ಜಗುಲಿಲಿ ನಿಂಗೆ ಅದೇ ಕಡೇ ಸಲ."

"ತತ್ತೆ ಮಾಸ್ತ್ರೇ."

ತಂದೇ ತರುತ್ತೇನೆ ಎಂದು ಅವಳು ಫೋನ್ ಇಟ್ಟಳು. ಸಿತಾರಿನ ತಂತಿ ಒರೆಸುತ್ತ ಕೂತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಾನು ಸಮಾಧಾನದ ದನಿಯಲ್ಲಿ, "ಈ ಸಲ ಡಬ್ಬಿ ಬಿಟ್ಟು ಹೋಪನ. ಮನೆಲಿ ಬಾರ್ಸ್‌ಲಕ್ಕಲೆ," ಅಂದೆ.

"ಮನೆಲಿ ಬಾರ್ಸಿದ್ದು ಫ್ರಿಜ್ಜಿಗೆ ಕೇಳ್ತು. ಯಂಗೆ ಅವ್ರೇ ಕೇಳವು," ಅಂದಳು. ಮಾಸ್ತರರೇ ಕೇಳಬೇಕಂತೆ.

ಭಾನುವಾರ ಸಂಜೆಯ ಮೊದಲಿಗೆ ಹೊಳನಗದ್ದೆ ತಲುಪಿದೆವು. ನನ್ನ ಕೈಯಲ್ಲಿ ಎರಡು ಸ್ಪೀಕರು, ಹೆಗಲ ಮೇಲೆ ವೈರು, ಬಗಲಲ್ಲಿ ಎಕ್ಸ್‌ಟೆನ್ಶನ್ ಬೋರ್ಡು. (ಕಲೆಗಾಗಿ ಜೀವ ತೇಯ್ದವರ ಬಗ್ಗೆ ಬಹಳ ಬರೆಯುತ್ತಾರೆ. ಬೋರ್ಡು ಹೊತ್ತವರ ಬಗ್ಗೆ ಒಂದು ಸಾಲೂ ಇಲ್ಲ.) ಮಾಸ್ತರರು ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ಆನು ಎಂತ ಹೇಳಿದ್ದಿ?"

"ತರಡ ಹೇಳಿದ್ದಿ."

"ಮತ್ತೆ?"

"ತಂದಿ."

"ಕೂತ್ಕ. ಬಾರ್ಸು," ಅಂದರು. "ಕಡೇ ಸಲ ಅಲ್ದಾ."

ಅವಳು ತನ್ನ ಚಾಪೆಯ ಮೇಲೆ ಕೂತಳು. ಕೂರುವ ಮೊದಲು ಚಾಪೆಯ ಅಂಚನ್ನು ಅಂಗೈಯಿಂದ ಒಮ್ಮೆ ಸವರಿದ್ದನ್ನು ನಾನು ನೋಡಿದೆ. ಮಾಸ್ತರರು ಎಂದಿನಂತೆ ಎದುರಿಗೇ, ಮೈಕಿಗೆ ಮಾರು ದೂರದಲ್ಲಿ.

ಮುಲ್ತಾನಿ ಎತ್ತಿಕೊಂಡಳು. ಬಿಸಿಲು ಇಳಿಯುವ ಹೊತ್ತಿನ ರಾಗ. ಸ್ವಲ್ಪ ಆಲಾಪ, ಮೆಲ್ಲಗೆ "ಆತು", ನಾನು ಒತ್ತಿದೆ. ನಾಲ್ಕು ಸ್ವರ ನುಡಿಸಿದಳು. "ಆತು", ಒತ್ತಿದೆ. ಆ ನಾಲ್ಕು ಸ್ವರ ಸುತ್ತತೊಡಗಿದವು. ಅದರ ಮೇಲೆ ಅವಳು ಹೊಸದಾಗಿ ನುಡಿಸಿದಳು. ಒಂದು ಸಿತಾರು ಹೇಳುವುದು, ಇನ್ನೊಂದು ಆಲೈಸಿ ಉತ್ತರ ಕೊಡುವುದು. ಹಿಂದೆ ಕೂತಿದ್ದ ಒಬ್ಬರು ಎದ್ದು ಬಂದು, ಕಂಬದ ಹಿಂದೆ ಇನ್ನೊಬ್ಬರು ಕೂತಿದ್ದಾರೆಯೇ ಎಂದು ಇಣುಕಿ ನೋಡಿದರು. ಮಾಸ್ತರರ ಮುಖ ಮಾತ್ರ ಬೀಗ ಹಾಕಿದ ಬಾಗಿಲು.

ಆಗ ಬಂದರು ಪೈಮಾಮ. ಬೈಠಕ್ಕಿನ ಚಹಾದ ಉಸ್ತುವಾರಿ ಅವರದ್ದೇ. ಯಾವ ರಾಗ ಎಲ್ಲಿದೆ ಎಂದು ನೋಡುವ ಕ್ರಮ ಅವರದ್ದಲ್ಲ. ಮಾಸ್ತರರ ಕಿವಿಯ ಬಳಿ ಬಗ್ಗಿದರು.

"ಮಾಸ್ತ್ರೇ, ಚಾ ತರೂದಾ?"

"ಆತು!" ಅಂದರು ಮಾಸ್ತರರು, ತಮ್ಮ ಸಹಜ ಗಟ್ಟಿದನಿಯಲ್ಲಿ.

ನಾನು ಒತ್ತಿದೆ.

ಏನು ಮಾಡಲಿ? ಹೆಬ್ಬೆರಳಿಗೆ ವಿವೇಚನೆ ಇರುತ್ತದೆಯೇ? ದಿನಗಟ್ಟಲೆ ಅದಕ್ಕೆ ಕಲಿಸಿದ್ದು ಒಂದೇ ಪಾಠ.

"ಸಕ್ರೆ ಕಮ್ಮಿ," ಅಂದರು ಮಾಸ್ತರರು. ಪೈಮಾಮನ ತಟ್ಟೆಯಲ್ಲಿ ಸ್ಟೀಲು ಗ್ಲಾಸು ಟಣ್ ಎಂದಿತು.

"ಆತು," ಅಂದರು ಪೈಮಾಮ.

ನಾನು ಮತ್ತೆ ಒತ್ತಿದೆ.

"ಸಕ್ರೆ ಕಮ್ಮಿ. ಟಣ್," ಎಂದಿತು ಎಡಗಡೆಯ ಸ್ಪೀಕರು. ಬಲಗಡೆಯದ್ದೂ ಅದನ್ನೇ ಅಂದಿತು. ಸಿತಾರಿನ ನಾಲ್ಕು ಸ್ವರಗಳ ಜೊತೆ ಅದೂ ಸುತ್ತತೊಡಗಿತು. ಸಕ್ರೆ ಕಮ್ಮಿ. ಟಣ್. ಸಕ್ರೆ ಕಮ್ಮಿ. ಟಣ್.

ಜಗುಲಿಯಲ್ಲಿ ನಗು ಒಡೆಯಿತು. ಮಾಸ್ತರರು ಸುತ್ತ ನೋಡಿದರು. "ಯಾರು ಅದು ಕೂಗ್ತಾ ಇಪ್ಪವು?"

"ನೀವೇ ಮಾಸ್ತ್ರೇ," ಅಂದರು ಪಕ್ಕದವರು, ಕಿವಿಗೆ ಬಾಯಿಟ್ಟು.

"ಆನಾ? ಆನು ಬಾಯಿ ಮುಚ್ಕಂಡು ಕೂತಿದ್ನಲೋ!"

ಹೆಂಡತಿಯ ಮೂವತ್ತು ವರ್ಷದ ಚಾಪೆಯನ್ನು ನನ್ನ ಒಂದು ಬೆರಳು ಎಳೆದು ಹಾಕಿತ್ತು. ಅಳಿಸಿಬಿಡೋಣ ಎಂದು ಡಬ್ಬಿಗೆ ಕೈ ಹಾಕಿದೆ.

"ಮುಟ್ಟಡಿ," ಅಂದಳು ವತ್ಸಲಾ. ನನ್ನ ಕಡೆ ನೋಡಲೂ ಇಲ್ಲ.

ಅವಳು ನಗುವವರನ್ನೂ ನೋಡಲಿಲ್ಲ. ಕಿವಿಗೊಟ್ಟಳು. ಮುಂದಿನ ಸುತ್ತಿನಲ್ಲಿ "ಸಕ್ರೆ ಕಮ್ಮಿ" ಬಂದಾಗ ಅದರ ಬೆನ್ನಿಗೇ ಅದೇ ಏರಿಳಿತವನ್ನು ಸಿತಾರಿನ ಮೇಲೆ ಎಳೆದಳು. ಪಂಚಮದಿಂದ ಕೋಮಲ ಗಾಂಧಾರಕ್ಕೆ ಒಂದು ಜಾರು. ಜೀವಮಾನವಿಡೀ ತಂಬೂರಿಯ ಪಕ್ಕ ಕೂತ ಮನುಷ್ಯ ಚಹಾ ಕೇಳಿದರೂ ರಾಗದ ಆಸುಪಾಸಿನಲ್ಲೇ ಕೇಳುತ್ತಾನೆ ಎಂದು ಆಗ ತಿಳಿಯಿತು. ಅವರು ಅನ್ನುವುದು, ಇವಳು ಅದನ್ನು ಬಿಡಿಸಿ, ಹಿಗ್ಗಿಸಿ, ತಿರುಗಿಸಿ ಹೇಳುವುದು. ಟಣ್ ಎಂಬುದು ತಾಳದ ಸುತ್ತು ಬಂದು ಕೂರುವ ಸಮ್ ಆಯಿತು. ಹಳೆಯ ಪಾಠವೇ: ಆನು ಹಾಡ್ತೆ, ನೀನು ಬಾರ್ಸು. ನಗು ಒಂದೊಂದೇ ಬಾಯಿಂದ ಇಳಿಯಿತು.

ಮಾಸ್ತರರು ತಲೆ ಓರೆ ಮಾಡಿ ಕೇಳಿದರು. ಹುಬ್ಬು ಗಂಟಾಯಿತು. ಒಮ್ಮೆಲೇ ಕೈ ಎತ್ತಿದರು.

"ತಪ್ಪು!"

ಮುಗಿಯಿತು ಎಂದುಕೊಂಡೆ.

"ಗಾಂಧಾರ ಏರಿದ್ದು. ಮುಲ್ತಾನಿಗೆ ಅಷ್ಟು ಏರಲಾಗ. ನೀನು ಬಾರ್ಸಿದ್ದು ಸರಿ ಇದ್ದು ಕೂಸೇ, ಆನು ಹೇಳಿದ್ದೇ ತಪ್ಪು." ಆಮೇಲೆ ನನ್ನ ಕಡೆ ತಿರುಗಿ, "ಎಂತ ನೋಡ್ತಾ ಕೂತಿದ್ಯೋ? ತೆಗಿ ಅದ್ನ. ಮತ್ತೊಂದ್ಸಲ ಹೇಳ್ತೆ."

ಒತ್ತಿ ಹಿಡಿದು ಅಳಿಸಿದೆ. ಮಾಸ್ತರರು ಚಾಪೆ ಸಮೇತ ಮುಂದಕ್ಕೆ ಸರಿದು, ಗಂಟಲು ಸರಿಮಾಡಿಕೊಂಡು, ಮೈಕಿಗೆ ಬಗ್ಗಿದರು. ದನಿ ಒಡೆಯುತ್ತದೆ ಎಂದು ಅವರು ಸಭೆಯಲ್ಲಿ ಹಾಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ವತ್ಸಲಾ "ಆತು" ಅಂದಳು. ನಾನು ಒತ್ತಿದೆ.

"ಸಕ್ರೆ ಕಮ್ಮಿ," ಎಂದು ಹಾಡಿದರು ಮಾಸ್ತರರು. ದನಿ ನಡುವೆ ಒಡೆಯಿತು. ಗಾಂಧಾರ ಮಾತ್ರ ಎಲ್ಲಿ ಕೂರಬೇಕೋ ಅಲ್ಲೇ ಕೂತಿತು.

ನಾನು ಮತ್ತೆ ಒತ್ತಿದೆ. ಆಮೇಲೆ ಅದರ ಮೇಲೆ, ಬಿಸಿಲು ಜಗುಲಿ ಬಿಟ್ಟು ಅಂಗಳಕ್ಕೆ ಇಳಿಯುವವರೆಗೂ ವತ್ಸಲಾ ನುಡಿಸಿದಳು. ಮುಗಿದ ಮೇಲೆ ಕಾಲು ಮುಟ್ಟಿ ನಮಸ್ಕರಿಸಿದಳು. ಎದ್ದು ನಿಂತು, "ಮುಂದಿನ ತಿಂಗ್ಳೂ ಬತ್ತೆ ಮಾಸ್ತ್ರೇ. ಡಬ್ಬಿನೂ ಬತ್ತು," ಅಂದಳು.

ಮಾಸ್ತರರು ಆಗಷ್ಟೇ ಬಂದ ಚಹಾವನ್ನು ಒಂದು ಗುಟುಕು ಕುಡಿದರು. ಮುಖ ಕಿವುಚಿದರು. ನಾವು ಕಾದೆವು.

"ಆತು," ಅಂದರು.

ಯಾವ ಆತು? ಬಾ ಎನ್ನುವ ಆತುವೋ, ಇಲ್ಲಿಗೆ ಮುಗಿಯಿತು ಎನ್ನುವ ಆತುವೋ? ಅವಳು ಕೇಳಲಿಲ್ಲ. ನನಗೆ ಕೇಳುವ ಧೈರ್ಯವಿರಲಿಲ್ಲ. ಸಾಮಾನೆಲ್ಲ ಕಾರಿಗೆ ತುಂಬಿ ಹೊರಟಾಗ ಮಾಸ್ತರರು ಅಂಗಳ ದಾಟಿ ಬಂದರು. ಕಿಟಕಿಗೆ ಬಗ್ಗಿ, ಬೇರೆ ಯಾರಿಗೂ ಕೇಳಿಸಬಾರದೆಂದು ತಮಗೆ ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ (ಇಡೀ ಅಂಗಳಕ್ಕೆ ಕೇಳಿಸಿತು) ಹೇಳಿದರು:

"ಕೂಸೇ, ಆ ಡಬ್ಬಿಲಿ ಯನ್ನ ಸ್ವರ ಇದ್ದಲೆ, ಅದ್ನ ಅಳ್ಸಡ. ಮುಂದಿನ ತಿಂಗ್ಳು ಅದ್ರ ಮೇಲೇ ಶುರು ಮಾಡನ."

ಅಲ್ಲ, ಎರಡು ಸ್ಪೀಕರಿನಲ್ಲಿ ಅಷ್ಟು ಹೊತ್ತು ಕೂಗಿ ಹೇಳಿದರೂ ಪೈಮಾಮನ ಚಹಾಕ್ಕೆ ಅಂದು ಸಕ್ಕರೆ ಹೆಚ್ಚೇ ಬಿದ್ದಿತ್ತು. ಮಾಸ್ತರರಿಗೆ ಕೂದಲೆಳೆಯಷ್ಟು ಏರಿದ ಗಾಂಧಾರ ಕೇಳಿಸಿತ್ತು. ಈಗ ಹೇಳಿ, ಕಿವಿ ಮಂದವಾದದ್ದು ಯಾರಿಗೆ?